ಹೆಳವರ ಪುಸ್ತಕದಲ್ಲಿ ಇಲ್ಲದ ಹೆಸರು

(ಹಾವೇರಿಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಕಾಯಕ ತತ್ತ್ವ ಮತ್ತು ಇಂದಿನ ಕುಟುಂಬ’. ಇದೇ ವಿಷಯದ ಮೇಲೆ ಇದೇ ವೇದಿಕೆಯಲ್ಲಿ ಹಿಂದೆ ಎರಡು ಸಲ ಮಾತಾಡಿದ್ದೇನೆ. ಆಗ ಬರೆದ ಹಾಳೆಗಳು ಮನೆಯಲ್ಲಿವೆ. ಅವನ್ನೇ ತಂದು ಮತ್ತೊಮ್ಮೆ ಓದಿದ್ದರೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಆದರೆ ಇವತ್ತು ಬೇರೊಂದು ಬರಹ ಹಿಡಿದು ಬಂದಿದ್ದೇನೆ. ರಾಣೆಬೆನ್ನೂರಿನಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನನ್ನ ಮೊಮ್ಮಗಳ ನೋಟ್‌ಬುಕ್ ಇದು. ಅವಳನ್ನು ಕೇಳಿಯೇ ತಂದಿದ್ದೇನೆ. ಅವಳ ಹೆಸರು ಹೇಳಬಾರದು, ಶಾಲೆಯ ಹೆಸರು ಹೇಳಬಾರದು, ಮಾರ್ಕ್ಸ್ ಎಷ್ಟು ಬಂತು ಎಂಬುದನ್ನಂತೂ ಹೇಳಲೇಬಾರದು ಎಂದು ಷರತ್ತು ಹಾಕಿದ್ದಾಳೆ. ಒಪ್ಪಿಕೊಂಡು ಬಂದಿದ್ದೇನೆ.

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ನೌಕರಿಯ ಬಹುಭಾಗವನ್ನು ಕಾಲುವೆ, ತೂಬು, ಸೇತುವೆಗಳ ನಡುವೆ ಕಳೆದೆ. ಸಮಾಜ ವಿಜ್ಞಾನ ಎಂದರೆ ನನ್ನ ಲೆಕ್ಕದಲ್ಲಿ ಇಸವಿ ಬಾಯಿಪಾಠ ಮಾಡುವ ವಿಷಯ. ‘ಗಣಿತಕ್ಕೂ ವಿಜ್ಞಾನಕ್ಕೂ ಟ್ಯೂಷನ್ ಹಚ್ಚು, ಉಳಿದದ್ದನ್ನು ಪರೀಕ್ಷೆ ಹದಿನೈದು ದಿನ ಇರುವಾಗ ಓದಿದರಾಯಿತು’ ಎಂದು ಮಗನಿಗೆ ಹೇಳಿದವನು ನಾನೇ. ಹಾಗಾಗಿ ಅವಳ ಸಮಾಜ ವಿಜ್ಞಾನದ ಅಕ್ಕೋರು ‘ನಮ್ಮ ಮನೆತನದ ಚರಿತ್ರೆ’ ಬರೆದುಕೊಂಡು ಬನ್ನಿ ಎಂದು ಇಡೀ ವರ್ಷಕ್ಕಾಗುವ ಕೆಲಸ ಕೊಟ್ಟಿದ್ದಾರೆಂದು ತಿಳಿದಾಗ ನನಗೆ ಸಿಟ್ಟೇ ಬಂತು. ಮಕ್ಕಳ ಹೊತ್ತು ಹಾಳು ಮಾಡುತ್ತಾರೆ ಎಂದೆ.

ಆ ಅಕ್ಕೋರು ಹಾಕಿದ ನಿಯಮಗಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿವೆ. ಮನೆಯ ಹಿರಿಯರಲ್ಲಿ ಮೂರು ಜನರನ್ನಾದರೂ ಕೇಳಬೇಕು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಬೇಕು. ಪ್ರತಿ ಮಾತಿನ ಮುಂದೆ ಇದನ್ನು ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ಬರೆಯಬೇಕು. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಬೇಕು, ಒಂದನ್ನು ಅಳಿಸಬಾರದು. ಮೊಬೈಲ್‌ನಲ್ಲಿ ನೋಡಿ ನಕಲು ಮಾಡಬಾರದು. ಇದನ್ನು ಓದಿದಾಗ ಸಿಟ್ಟು ಸ್ವಲ್ಪ ಇಳಿಯಿತು. ನಮ್ಮ ಇಲಾಖೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ಸ್ಥಳ ತನಿಖೆ ಮಾಡುತ್ತಿದ್ದ ಅಧಿಕಾರಿಗಳು ಬಹಳ ಇರಲಿಲ್ಲ.

ದಸರಾ ರಜೆಗೆ ಅವಳು ಹಾವೇರಿಗೆ ಬಂದಳು. ಮೊದಲ ಹಿರಿಯ ನಾನೇ. ಕುರ್ಚಿಯ ಮೇಲೆ ಕುಳಿತು ಗತ್ತಿನಿಂದ ಹೇಳಿಸಿದೆ. ನಮ್ಮದು ಬ್ಯಾಡಗಿ ತಾಲ್ಲೂಕಿನ ಹಳ್ಳಿ, ತಲೆತಲಾಂತರದಿಂದ ಒಕ್ಕಲುತನದ ಮನೆತನ, ಊರಿಗೆ ಬಂದ ಜಂಗಮರಿಗೆ ನಮ್ಮ ಮನೆಯಲ್ಲೇ ಪ್ರಸಾದ, ತಂದೆ ಒಕ್ಕಲುತನ ಮಾಡಿಯೇ ಮಕ್ಕಳನ್ನು ಓದಿಸಿದರು, ನಾನು ಧಾರವಾಡದಲ್ಲಿ ಮುರುಘಾಮಠದ ಪ್ರಸಾದ ನಿಲಯದಲ್ಲಿದ್ದು ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಿದೆ. ಅವಳು ಎಲ್ಲವನ್ನೂ ಬರೆದುಕೊಂಡು ಕೊನೆಗೆ ಕೇಳಿದಳು: “ಅಜ್ಜಾ, ನಿಮ್ಮವ್ವ ಏನ್ ಮಾಡ್ತಿದ್ರು?”

“ಮನೀ ನೋಡಿಕೋತಿದ್ರು” ಎಂದೆ. ‘ಗೃಹಿಣಿ’ ಎಂದು ಬರೆದುಕೊಂಡಳು. ಪಕ್ಕದಲ್ಲಿ ‘ಹೇಳಿದವರು: ಅಜ್ಜ. ಹೇಗೆ ಗೊತ್ತು: ಮಗ’ ಎಂದು ಬರೆದಳು.

ಸಂಕ್ರಾಂತಿ ಹೊತ್ತಿಗೆ ಊರಿನಿಂದ ನನ್ನ ಅಣ್ಣನ ಫೋನು ಬಂತು. “ಹೆಳವ್ರು ಬಂದಾರ, ಕೂಸಿನ್ನ ಕರಕೊಂಡು ಬಾ.” ಇಲ್ಲಿ ಕುಳಿತ ಹಿರಿಯರಿಗೆ ಹೆಳವರ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಹಿಂದೆ ಬಿದ್ದಿರುವ ಹುಡುಗರಿಗಾಗಿ ಹೇಳುತ್ತೇನೆ. ಹೆಳವ ಎಂದರೆ ಕಾಲಿಲ್ಲದವನು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಊರೂರು ತಿರುಗಿ, ಮನೆತನಗಳ ವಂಶಾವಳಿ ಒಪ್ಪಿಸುವುದು ಅವರ ಕಾಯಕ. ಸುಗ್ಗಿಯ ಹೊತ್ತಿಗೆ ಬರುತ್ತಾರೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾರೆ, ಜೋಳ, ಬಟ್ಟೆ, ರೊಕ್ಕ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ನಾನು ಸಣ್ಣವನಿದ್ದಾಗ ಗಂಟೆಯ ಸಪ್ಪಳ ಕೇಳಿದರೆ ಹೊಲದಿಂದ ಓಡಿ ಬರುತ್ತಿದ್ದೆವು. ಈ ಸಲ ಬಂದವರು ಮೋಟರ್ ಸೈಕಲ್ ಮೇಲೆ ಬಂದಿದ್ದರು. ಪುಸ್ತಕ ಮಾತ್ರ ಹಳೆಯದು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದು.

ಪಡಸಾಲೆಯಲ್ಲಿ ಕಂಬಳಿ ಹಾಸಿ, ವಿಭೂತಿ ಹಚ್ಚಿ, ಪುಸ್ತಕ ಬಿಚ್ಚಿದರು. ಬೆಡಗು ಹೇಳಿದರು. ಮೂಲ ಪುರುಷನಿಂದ ಹಿಡಿದು ಹೆಸರುಗಳ ಸರಮಾಲೆ, ಒಂದೇ ಉಸಿರಿನಲ್ಲಿ, ರಾಗವಾಗಿ. ಎರಡು ಹೆಸರಿಗೊಮ್ಮೆ ಒಬ್ಬ ಬಸಪ್ಪ ಬರುತ್ತಿದ್ದ. ಮೊಮ್ಮಗಳು ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದಳು. ನಡುವೆ ಆ ಹಿರಿಯ ಸಹಜವಾಗಿ ಒಂದು ಮಾತು ಹೇಳಿಬಿಟ್ಟರು.

“ನಿಮ್ಮ ಮೂಲ ಪುರುಷ ಈ ಊರವ ಅಲ್ರೀ ಯಪ್ಪಾ. ಹೊಳಿ ಆಚಿ ದಂಡಿಯಿಂದ ಬಂದವ. ಬರೂವಾಗ ಗಾಣದ ಕಲ್ಲು ಬಂಡಿಯಾಗ ಹೇರಿಕೊಂಡ ಬಂದಿದ್ದ.”

ನನ್ನ ಅಣ್ಣನಿಗೆ ಎಪ್ಪತ್ತೈದು ವರ್ಷ. ಕುಳಿತಲ್ಲಿಂದ ಎದ್ದೇಬಿಟ್ಟ. “ಗಾಣ ಎಲ್ಲಿಂದ ಬಂತೋ? ನಾವು ಒಕ್ಕಲುತನದವರು!”

“ಪುಸ್ತಕದಾಗ ಐತ್ರಿ. ನಮ್ಮ ಮುತ್ಯಾ ಬರದಿದ್ದು.”

ಅಣ್ಣ ಮೊಮ್ಮಗಳ ಕಡೆ ತಿರುಗಿ, “ತಂಗಿ, ಅದನ್ನ ಬರಕೋಬ್ಯಾಡವಾ” ಎಂದ. ಅವಳು ಎರಡನ್ನೂ ಬರೆದುಕೊಂಡಳು. ‘ಹೆಳವರ ಅಜ್ಜ: ಗಾಣ ಇತ್ತು. ದೊಡ್ಡಜ್ಜ: ಇರಲಿಲ್ಲ, ಬರೆಯಬೇಡ.’ ಈ ಪುಟ ಇಲ್ಲೇ ಇದೆ, ಬೇಕಾದವರು ಆಮೇಲೆ ನೋಡಬಹುದು.

ಗಾಣದ ಕಣ್ಣಪ್ಪನವರನ್ನು ಶರಣರೆಂದು ಕೊಂಡಾಡುವವರು ನಾವು. ನಮ್ಮ ಮನೆಯ ಹಿಂದಿನ ತಲೆಮಾರಿನಲ್ಲಿ ಗಾಣ ಇತ್ತೆಂದರೆ ಎದ್ದು ನಿಲ್ಲುತ್ತೇವೆ. ಅಣ್ಣನನ್ನು ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಅವನು ಎದ್ದು ನಿಂತ, ನಾನು ಕುಳಿತೇ ಇದ್ದೆ. ಒಳಗೆ ಇಬ್ಬರಿಗೂ ಆದದ್ದು ಒಂದೇ.

ಹೆಳವರು ಪುಸ್ತಕ ಮುಚ್ಚುವಾಗ ಹುಡುಗಿ ಕೇಳಿದಳು: “ಅಜ್ಜಾರ, ಇದರಾಗ ಅವ್ವಂದಿರ ಹೆಸರು ಎಲ್ಲೈತ್ರಿ?”

ಅವರು ನಕ್ಕು, “ಹೆಣ್ಣುಮಕ್ಕಳು ಬ್ಯಾರೆ ಮನಿಗೆ ಹೋಗವರು ತಂಗಿ” ಎಂದರು.

“ಸೊಸಿಯಾಗಿ ಬಂದವರು?”

ಹಿರಿಯ ಒಂದು ಗಳಿಗೆ ಸುಮ್ಮನಿದ್ದು ಹೇಳಿದರು: “ಯಾರೂ ಬರಸಿಲ್ಲವಾ. ಬರಸಿದ್ರ ಬರೀತಿದ್ವಿ.”

ಅವರ ಮಾತು ನ್ಯಾಯವಾದದ್ದೇ. ಪುಸ್ತಕ ಅವರದು, ಆದರೆ ಅದರಲ್ಲಿ ಏನು ಸೇರಬೇಕೆಂದು ಹೇಳುತ್ತ ಬಂದವರು ಪಡಸಾಲೆಯಲ್ಲಿ ಕುಳಿತ ನಾವು, ನಮ್ಮ ಅಪ್ಪಂದಿರು. ಅಂದು ರಾತ್ರಿ ಅವಳು ಎಣಿಸಿದಳು. ಒಂಬತ್ತು ತಲೆಮಾರು, ನಲವತ್ತೊಂದು ಹೆಸರು, ಒಂದೂ ಹೆಣ್ಣಿನದಲ್ಲ.

ಬಸವಾದಿ ಶರಣರ ಕಾಲದಲ್ಲಿ ಹೀಗಿರಲಿಲ್ಲ ಎಂದು ನಾನು ಅವಳಿಗೆ ಹೇಳಿದೆ. ಕರ್ನಾಟಕ ಸರಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅದರಲ್ಲಿ ಐದನೆಯದು ಪೂರ್ತಿಯಾಗಿ ಶಿವಶರಣೆಯರದು. ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ತಮ್ಮ ತಮ್ಮ ಅಂಕಿತದಲ್ಲಿ ಮಾತಾಡಿದ್ದಾರೆ. ಅಕ್ಕಮಹಾದೇವಿ, ನೀಲಮ್ಮ ಮಾತ್ರವಲ್ಲ, ಕಸ ಗುಡಿಸುವ ಸತ್ಯಕ್ಕ, ಕದಿರು ತಿರುಗಿಸುವ ರೆಮ್ಮವ್ವೆ, ಸೂಳೆ ಸಂಕವ್ವೆ. ಎಂಟುನೂರು ವರ್ಷಗಳ ಹಿಂದೆ ಅವರು ಯಾರ ಹೆಂಡತಿ ಎಂಬುದರ ಜೊತೆಗೆ ಏನು ಕೆಲಸ ಮಾಡುತ್ತಿದ್ದರು ಎಂಬುದೂ ದಾಖಲಾಯಿತು. ನಾನು ಇದನ್ನೆಲ್ಲ ಹೇಳುತ್ತ ಹೋದೆ. ಅವಳು ಪೆನ್ನು ಕೆಳಗಿಟ್ಟು, “ಹಂಗಾದ್ರ ನಮ್ಮನ್ಯಾಗ ಯಾವಾಗಿಂದ ಬಿಟ್ರು?” ಎಂದಳು.

ಅಕ್ಕೋರ ನಿಯಮದಂತೆ ಒಬ್ಬ ಹೆಣ್ಣುಮಗಳನ್ನು ಕೇಳುವುದು ಉಳಿದಿತ್ತು. ನನ್ನ ತಾಯಿಯ ತಂಗಿ, ನನ್ನ ಚಿಕ್ಕವ್ವ, ಬ್ಯಾಡಗಿಯಲ್ಲಿದ್ದಾಳೆ. ಎಂಬತ್ತೈದು ದಾಟಿದೆ, ನೆನಪು ಗಟ್ಟಿ. ಹುಡುಗಿ ಅವಳ ಹತ್ತಿರ ಹೋಗಬೇಕೆಂದಾಗ ನಾನು ಎರಡು ಸಲ ನೆಪ ಹೇಳಿದೆ. ಮೂರನೇ ಸಲ ನಡೆಯಲಿಲ್ಲ.

ಹಾವೇರಿಯಿಂದ ರೈಲಿನಲ್ಲಿ ಹೋದೆವು. ಜನವರಿ ತಿಂಗಳು, ಮೆಣಸಿನಕಾಯಿ ಮಾರುಕಟ್ಟೆ ತುಂಬಿ ತುಳುಕುವ ಕಾಲ. ಸ್ಟೇಷನ್‌ನಲ್ಲಿ ಇಳಿಯುತ್ತಲೇ ಹುಡುಗಿಗೆ ಕೆಮ್ಮು ಹತ್ತಿತು. ಕರವಸ್ತ್ರ ಮುಚ್ಚಿಕೊಂಡೇ ಕೆಂಪು ರಾಶಿಗಳನ್ನು ನೋಡುತ್ತ ನಡೆದಳು. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದನ್ನು, ಡಬ್ಬಿ ಕಾಯಿಗೂ ಕಡ್ಡಿ ಕಾಯಿಗೂ ಇರುವ ವ್ಯತ್ಯಾಸವನ್ನು ನಾನು ವಿವರಿಸುತ್ತ ಹೋದೆ. ಬೇರೆ ಮಾತು ಬರದಿರಲಿ ಎಂದೇ ಅಷ್ಟು ಮಾತಾಡುತ್ತಿದ್ದೆ.

ಚಿಕ್ಕವ್ವ ಹುಡುಗಿಯ ಗಲ್ಲ ಸವರಿ ಹತ್ತಿರ ಕೂರಿಸಿಕೊಂಡಳು. ಹುಡುಗಿ ನೋಟ್‌ಬುಕ್ ತೆಗೆದು, “ನಮ್ಮಜ್ಜನ ಅವ್ವ ಏನ್ ಮಾಡ್ತಿದ್ರು?” ಎಂದು ಅದೇ ಪ್ರಶ್ನೆ ಕೇಳಿದಳು.

“ಏನ್ ಮಾಡ್ತಿದ್ಲಾ? ನನ್ನ ಕೂಡ ತುಂಬು ಬಿಡಸಾಕ ಬರ್ತಿದ್ಲು. ಇವ ಹೇಳಿಲ್ಲೇನು?”

ನಾನು ಹೇಳಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

1972ರ ಬರ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ನಾನೂ ಆಗ ಒಂಬತ್ತನೇ ತರಗತಿ. ಹೊಲದಲ್ಲಿ ಏನೂ ಬರಲಿಲ್ಲ, ಎತ್ತು ಮಾರಿದೆವು. ಸಾಲ ಹತ್ತಿತು. ಮಗ ಓದುವುದನ್ನು ಬಿಡಬಾರದೆಂದು ನನ್ನವ್ವ ಹಟ ಹಿಡಿದಳು. ತಂಗಿಯ ಮನೆಯಲ್ಲಿ ಇದ್ದು ಬರುತ್ತೇನೆಂದು ಊರಲ್ಲಿ ಹೇಳಿ ಬ್ಯಾಡಗಿಗೆ ಬಂದಳು. ಬೆಳಗಿನಿಂದ ಸಂಜೆಯವರೆಗೆ ಗೋದಾಮಿನಲ್ಲಿ ಕುಳಿತು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವುದು. ತೂಕದ ಮೇಲೆ ಕೂಲಿ. ಒಂದು ವರ್ಷಕ್ಕೆ ಮುಗಿಯಲಿಲ್ಲ. ನಾನು ಧಾರವಾಡಕ್ಕೆ ಹೋದ ಮೇಲೂ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರಿದ ಮೇಲೂ, ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಎರಡು ಮೂರು ತಿಂಗಳು ಬ್ಯಾಡಗಿಗೆ ಹೋಗುತ್ತಿದ್ದಳು. ಪ್ರಸಾದ ನಿಲಯದಲ್ಲಿ ಊಟ, ವಸತಿ ಉಚಿತ. ಪುಸ್ತಕ, ಫೀ, ಡ್ರಾಯಿಂಗ್ ಬೋರ್ಡು, ಬಸ್ಸಿನ ಚಾರ್ಜು ಆ ತುಂಬಿನಿಂದ ಬಂದದ್ದು.

ಕೆಲಸ ಸಿಕ್ಕ ಮೇಲೆ ನಾನು ಮಾಡಿದ ಮೊದಲ ಕೆಲಸ ಅವಳನ್ನು ಅಲ್ಲಿಂದ ಬಿಡಿಸಿದ್ದು. ಅದು ಸರಿ. ಎರಡನೆಯದು, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತದಂತೆ ಮಾಡಿದ್ದು. ಹೆಣ್ಣು ನೋಡಲು ಹೋದಾಗ ‘ಒಕ್ಕಲುತನದ ಮನೆತನ, ತಾಯಿ ಮನೆಯಲ್ಲಿರುತ್ತಾರೆ’ ಎಂದು ಹೇಳಿಸಿದೆ. ಅವಳೂ ಅಲ್ಲೇ ಕುಳಿತಿದ್ದಳು. ಒಂದು ಮಾತೂ ಆಡಲಿಲ್ಲ. ತಾನು ಮಾಡಿದ ಕೆಲಸಕ್ಕೆ ಅವಳು ನಾಚಿದ್ದನ್ನು ನಾನು ಕಾಣಲಿಲ್ಲ. ನಾಚಿದವನು ನಾನು.

ಚಿಕ್ಕವ್ವ ಇನ್ನೊಂದು ಮಾತು ಹೇಳಿದಳು. ಅದು ನನಗೂ ಗೊತ್ತಿರಲಿಲ್ಲ. ದಿನವಿಡೀ ತುಂಬು ಬಿಡಿಸಿದ ಕೈ ರಾತ್ರಿಯೆಲ್ಲ ಉರಿಯುತ್ತಿತ್ತಂತೆ. ಹುಳಿ ಮಜ್ಜಿಗೆಯಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿಕೊಂಡರೂ ಆರುತ್ತಿರಲಿಲ್ಲವಂತೆ. ಆದರೂ ಅಕ್ಕ ತಂಗಿ ಇಬ್ಬರೂ ಸಂಜೆ ಮಿಂದು ಇಷ್ಟಲಿಂಗ ಪೂಜೆಗೆ ಕೂರುತ್ತಿದ್ದರು. ಉರಿಯುವ ಅಂಗೈ ಮೇಲೆ ಲಿಂಗವನ್ನಿಟ್ಟುಕೊಂಡು ನಮ್ಮವ್ವ, “ಇವತ್ತ ಲಿಂಗಪ್ಪಗೂ ಖಾರ ಹತ್ತೇತಿ ನೋಡ” ಎಂದು ನಗುತ್ತಿದ್ದಳಂತೆ. ಚಿಕ್ಕವ್ವ ಅದನ್ನು ಹೇಳಿ ತಾನೂ ನಕ್ಕಳು. ಹುಡುಗಿಯೂ ನಕ್ಕಳು. ನಾನು ಎದ್ದು ಹೊರಗೆ ಬಂದೆ. ಬ್ಯಾಡಗಿಯಲ್ಲಿ ಜನವರಿಯಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಯಾರೂ ಏಕೆಂದು ಕೇಳುವುದಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಬಗ್ಗೆ ಈ ಜಿಲ್ಲೆಯಲ್ಲಿ ನಾನು ಎಷ್ಟು ಉಪನ್ಯಾಸ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡಿದವರು. ಒಂದು ದಿನ ಗಂಡ ಅಗತ್ಯಕ್ಕಿಂತ ಹೆಚ್ಚು ತಂದಾಗ, ಇಷ್ಟು ಆಸೆ ನಮಗೇಕೆ, ತಿರುಗಿ ಸುರಿದು ಬಾ ಎಂದು ಕಳಿಸಿದ ತಾಯಿ ಲಕ್ಕಮ್ಮ. ಈ ಕಥೆ ಹೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು, ಸಭಿಕರ ಕಣ್ಣೂ ತುಂಬುತ್ತಿತ್ತು. ಅಕ್ಕಿ ಆಯ್ದವಳು ನಮ್ಮ ಪಾಲಿಗೆ ಶರಣೆ. ಮೆಣಸಿನಕಾಯಿ ಆಯ್ದವಳನ್ನು ನಾನು ‘ಗೃಹಿಣಿ’ ಎಂದು ಬರೆಸಿದೆ.

ನಿಮ್ಮಲ್ಲಿ ಬಹಳ ಜನ 2022ರಲ್ಲಿ ನನ್ನ ಜೊತೆಗಿದ್ದಿರಿ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬಸವಣ್ಣನವರ ಪಾಠವನ್ನು ತಿದ್ದಿದ್ದರು. ಬಸವಣ್ಣನವರ ವಿಚಾರಕ್ಕೆ ಅಪಚಾರವಾಗಿದೆ ಎಂದು ಸಾಣೇಹಳ್ಳಿಯ ಪಂಡಿತಾರಾಧ್ಯ ಶ್ರೀಗಳು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಅನೇಕ ಮಠಾಧೀಶರು ದನಿ ಎತ್ತಿದರು. ಆಗ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಜಿಲ್ಲೆಯ ಶಿಗ್ಗಾಂವಿಯ ಶಾಸಕರೇ. ನಾವೂ ಫಲಕ ಹಿಡಿದು ನಿಂತೆವು. ನಿಂತದ್ದು ಸರಿಯೇ, ಮತ್ತೆ ಹಾಗಾದರೆ ಮತ್ತೆ ನಿಲ್ಲುತ್ತೇನೆ. ಆದರೆ ಅದೇ ತರಗತಿಯ, ಅದೇ ವಿಷಯದ ನೋಟ್‌ಬುಕ್ಕಿನಲ್ಲಿ ನನ್ನ ಬಾಯಿಂದ ಬಂದ ಒಂದು ಸುಳ್ಳು ಬರೆದಿತ್ತು. ಸರಕಾರ ತಿದ್ದಿದ ಪಾಠಕ್ಕೆ ಬೀದಿಗೆ ಬರುವ ನಾವು ಮನೆಯ ಪಾಠವನ್ನು ನಮಗೆ ಬೇಕಾದಂತೆ ತಿದ್ದಿಕೊಂಡು ಆರಾಮಾಗಿದ್ದೇವಲ್ಲ!

ಫ. ಗು. ಹಳಕಟ್ಟಿಯವರು ವಕೀಲಿ ಬದಿಗಿಟ್ಟು ಊರೂರು ತಿರುಗಿ ತಾಡವೋಲೆ ಹುಡುಕಿದಾಗ ಅವು ಎಲ್ಲಿದ್ದವು? ಮನೆಗಳ ಜಗಲಿಯ ಮೇಲೆ, ಮಠಗಳ ಗಂಟುಗಳಲ್ಲಿ. ಜನ ಅವಕ್ಕೆ ಹೂ ಏರಿಸುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಅವರು ಬಿಚ್ಚಿ ಓದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದರು. ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ ಆರಂಭಿಸಿದರು. ನಮ್ಮ ಈ ಗೋಷ್ಠಿಗೆ ಶಿವಾನುಭವ ಎಂಬ ಹೆಸರಿದೆ. ಅದನ್ನು ಉಚ್ಚರಿಸುವಾಗಲೆಲ್ಲ ಆ ಹರಿದ ಕೋಟಿನ ಮುದುಕರು ನೆನಪಾಗುತ್ತಾರೆ. ಜಗಲಿಯ ಮೇಲಿನ ಗಂಟನ್ನು ಬಿಚ್ಚದೆ ಹೋಗಿದ್ದರೆ ಲಕ್ಕಮ್ಮನ ಹೆಸರೂ ನಮಗೆ ಸಿಗುತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಎರಡು ನಕ್ಷೆಗಳಿರುತ್ತವೆ. ಒಂದು, ಕಟ್ಟುವ ಮೊದಲು ಕಚೇರಿಯಲ್ಲಿ ಬರೆದದ್ದು. ಇನ್ನೊಂದು, ಕಟ್ಟಿ ಮುಗಿದ ಮೇಲೆ ನಿಜವಾಗಿ ನೆಲದಲ್ಲಿ ಏನಿದೆಯೋ ಅದನ್ನು ಅಳೆದು ಬರೆದದ್ದು, ಅದಕ್ಕೆ ಆಸ್-ಬಿಲ್ಟ್ ಡ್ರಾಯಿಂಗ್ ಎನ್ನುತ್ತೇವೆ. ಕಾಲುವೆ ಎಲ್ಲೋ ಸೋರಿದಾಗ ಮೊದಲನೆಯದನ್ನು ಹಿಡಿದು ಅಗೆದರೆ ತೂಬು ಸಿಗುವುದೇ ಇಲ್ಲ. ದಸರೆಯಲ್ಲಿ ಕುರ್ಚಿಯ ಮೇಲೆ ಕುಳಿತು ನಾನು ಬರೆಸಿದ್ದು ಕಚೇರಿಯ ನಕ್ಷೆ.

ಬ್ಯಾಡಗಿಯಿಂದ ಬಂದ ರಾತ್ರಿ ಹುಡುಗಿ ರಬ್ಬರ್ ತೆಗೆದುಕೊಂಡು ‘ಗೃಹಿಣಿ’ ಎಂಬುದನ್ನು ಅಳಿಸಲು ಹೊರಟಳು. ನಾನು ತಡೆದೆ. ನಮ್ಮಲ್ಲಿ ಅಳತೆ ಪುಸ್ತಕ, ಎಂ.ಬಿ., ಎಂದು ಒಂದಿರುತ್ತದೆ. ಗುತ್ತಿಗೆದಾರನಿಗೆ ರೊಕ್ಕ ಕೊಡುವುದೇ ಅದರ ಮೇಲೆ. ಅದರಲ್ಲಿ ಅಳಿಸುವಂತಿಲ್ಲ, ಮೇಲೆ ತಿದ್ದಿ ಬರೆಯುವಂತಿಲ್ಲ. ತಪ್ಪಾದದ್ದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ತಪ್ಪು ಮಾಡಿದವನು ತಾರೀಖು ಹಾಕಿ ಸಣ್ಣ ಸಹಿ ಮಾಡಬೇಕು. ಇದನ್ನು ಕೇಳಿ ಅವಳಿಗೆ ಬಹಳ ಖುಷಿಯಾಯಿತು. ಗೆರೆ ಎಳೆದು ಮೇಲೆ ‘ಮೆಣಸಿನಕಾಯಿ ತುಂಬು ಬಿಡಿಸುವ ಕಾಯಕ, ಬ್ಯಾಡಗಿ’ ಎಂದು ಬರೆದು ಪುಸ್ತಕವನ್ನು ನನ್ನ ಕಡೆ ತಳ್ಳಿದಳು. “ತಪ್ಪು ನಿಮ್ದು ಅಜ್ಜಾ, ಸಹಿ ನೀವು ಮಾಡ್ರಿ.” ಮಾಡಿದೆ. ನೌಕರಿಯಲ್ಲಿ ಸಾವಿರಾರು ಸಹಿ ಮಾಡಿದ್ದೇನೆ, ಕೈ ನಡುಗಿದ್ದು ಇದೊಂದಕ್ಕೆ.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮುಗಿದಿರಲಿಲ್ಲ.

ಫೆಬ್ರುವರಿಯಲ್ಲಿ ಅಕ್ಕೋರು ಮಕ್ಕಳನ್ನು ಹೊಸರಿತ್ತಿಗೆ ಕರೆದುಕೊಂಡು ಹೋಗಿದ್ದರು. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಅಲ್ಲಿ ಕಂದಾಯದ ಖಜಾನೆಯ ಮೇಲೆ ದಾಳಿ ಮಾಡುವಾಗ ಪೊಲೀಸರ ಗುಂಡಿಗೆ ಬಲಿಯಾದರು. ಅದೇ ದಿನ ಅವರ ಜೊತೆ ಪ್ರಾಣ ಕೊಟ್ಟವರು ಇನ್ನಿಬ್ಬರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಹುಡುಗಿ ಮೂರು ಹೆಸರನ್ನೂ ಬರೆದು ಕೆಳಗೆ ಹೀಗೆ ಬರೆದಿದ್ದಾಳೆ, ಅವಳ ಮಾತಲ್ಲೇ ಓದುತ್ತೇನೆ: ‘ಮೂವರೂ ಒಂದೇ ದಿನ ಒಂದೇ ಕಡೆ ಸತ್ತರು. ಇಂಥ ಮೂರು ಅಡ್ಡಹೆಸರಿನ ಮನೆಗಳು ಈಗ ಒಬ್ಬರಿಗೊಬ್ಬರು ಹೆಣ್ಣು ಕೊಡುತ್ತವೆಯೇ? ಅಜ್ಜನನ್ನು ಕೇಳಬೇಕು.’

ಅವಳಿಗೆ ಈ ಪ್ರಶ್ನೆ ಬಂದದ್ದು ಹೊಸರಿತ್ತಿಯಿಂದ ಮಾತ್ರ ಅಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ಕಿರಿಯ ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಅವನ ಬಯೋಡೇಟಾವನ್ನು ಕನ್ನಡದಲ್ಲಿ ಟೈಪ್ ಮಾಡಿಕೊಟ್ಟವಳು ಇವಳೇ. ನಾನು ಹೇಳುತ್ತ ಹೋದೆ, ಅವಳು ಹೊಡೆಯುತ್ತ ಹೋದಳು. ಹುಟ್ಟಿದ ತಾರೀಖು, ಎತ್ತರ, ಓದು, ಸಂಬಳ, ಹೊಲ. ಮುಂದೆ, ‘ಲಿಂಗಾಯತ’, ಅದರ ಮುಂದೆ ಒಳಪಂಗಡ, ಕೊನೆಗೆ ‘ಅದೇ ಒಳಪಂಗಡದ ಕನ್ಯೆ ಬೇಕು’. ಆಗ ಅವಳು ಏನೂ ಕೇಳಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಲ್ಲ ಕೂಡಿಟ್ಟು ಕೇಳಿದ್ದಾಳೆ: ‘ಹೆಳವರ ಅಜ್ಜ ಹೇಳಿದ್ದು ಖರೆ ಆದರೆ ಕಾಕಾನ ಬಯೋಡೇಟಾದಲ್ಲಿ ಬರೆದ ಒಳಪಂಗಡ ಎಷ್ಟನೇ ತಲ್ಮಾರಿನದು?’

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಪ್ರತಿ ಬಸವ ಜಯಂತಿಗೆ ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಥೆ ಹೇಳುತ್ತೇನೆ. ಸಮಗಾರರ ಮನೆಯ ಮಗ, ಬ್ರಾಹ್ಮಣ ಮೂಲದ ಮನೆಯ ಮಗಳು. ಆ ಮದುವೆಗಾಗಿ ತಂದೆಯರಿಬ್ಬರೂ ಎಳೆಹೂಟೆ ಶಿಕ್ಷೆ ಅನುಭವಿಸಿದರು, ಕಲ್ಯಾಣವೇ ಹೊತ್ತಿ ಉರಿಯಿತು ಎಂದು ಹೇಳುವಾಗ ನನ್ನ ದನಿ ಏರುತ್ತದೆ. ಮನೆಗೆ ಬಂದು ಮಗನಿಗೆ ಅದೇ ಒಳಪಂಗಡದ ಕನ್ಯೆ ಬೇಕು ಎಂದು ಬರೆಸುತ್ತೇನೆ. ಹುಡುಗಿಯರ ಕೊರತೆ, ನೆಂಟರ ಬಾಯಿ, ಊಟದ ಪದ್ಧತಿ ಎಂದು ಕಾರಣ ಕೊಡಬಹುದು. ನಾಲ್ಕು ಜನ ಹಿರಿಯರು ಒಪ್ಪಲೂಬಹುದು. ಒಂಬತ್ತನೇ ತರಗತಿಯವಳು ಒಪ್ಪಲಿಲ್ಲ.

ಬಯೋಡೇಟಾದ ಆ ಎರಡು ಸಾಲನ್ನು ತೆಗೆಸಿದೆ. ಸುಲಭವಾಗಿ ಆಗಲಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಶ್ರೀಮತಿ ಎಂಟು ದಿನ ಮಾತು ಬಿಟ್ಟರು. ಅಣ್ಣ ಫೋನು ಮಾಡಿ, ‘ಮೊದಲು ಗಾಣ ತಂದಿ, ಈಗ ಇದು’ ಎಂದ. ಹತ್ತಿರ ಬಂದಿದ್ದ ಮೂರು ಸಂಬಂಧಗಳಲ್ಲಿ ಎರಡು ತಣ್ಣಗೆ ಹಿಂದೆ ಸರಿದವು. ಒಬ್ಬ ಮಧ್ಯಸ್ಥರಂತೂ ‘ಒಳಪಂಗಡ ಬರೆದಿಲ್ಲ ಅಂದರೆ ಏನೋ ಮುಚ್ಚಿಡುತ್ತಿದ್ದೀರಿ ಅಂತ ಅರ್ಥ’ ಎಂದರು. ಮುಚ್ಚಿಡುವುದರಲ್ಲಿ ಐವತ್ತು ವರ್ಷದ ಅನುಭವ ಇದೆ, ಈಗ ಬಿಟ್ಟಿದ್ದೇನೆ ಎಂದು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ತಾಯಿಯ ಉದ್ಯೋಗದ ಜಾಗದಲ್ಲಿ ನನ್ನ ಹೆಂಡತಿ ‘ನಿವೃತ್ತ ಶಿಕ್ಷಕಿ’ ಎಂದಿದೆ. ಅದರ ಕೆಳಗೆ ಅಜ್ಜಿಯ ಕಾಯಕವನ್ನೂ ಸೇರಿಸೋಣವೆಂದು ಹುಡುಗಿ ಹಟ ಹಿಡಿದಳು. ಸೇರಿಸಿದ್ದೇವೆ.

ಹೆಳವರ ಹಿರಿಯರು ಮೊಬೈಲ್ ನಂಬರು ಕೊಟ್ಟು ಹೋಗಿದ್ದರು. ಫೋನು ಮಾಡಿ ನಮ್ಮವ್ವನ ಹೆಸರು ಬರೆಸಿದೆ. ಯಾರ ಹೆಸರಿನ ಪಕ್ಕ ಬರೆಯಲಿ ಎಂದು ಕೇಳಿದರು. ಜಾಗ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ ಎಂದೆ. ಬರೆದು ಫೋಟೊ ಕಳಿಸಿದ್ದಾರೆ. ಮೊಮ್ಮಗಳು ದೊಡ್ಡದು ಮಾಡಿ ನೋಡಿ, ಒಂದು ಒತ್ತಕ್ಷರ ತಪ್ಪಿದೆ, ಮುಂದಿನ ಸಲ ಬಂದಾಗ ಒಂದೇ ಗೆರೆ ಎಳೆದು ತಿದ್ದಿಸಬೇಕು ಎಂದಿದ್ದಾಳೆ.

ಉಳಿದ ಒಂದು ಸಂಬಂಧ ರಾಣೆಬೆನ್ನೂರಿನವರದು. ಒಳಪಂಗಡ ಬೇರೆ. ಅವರ ಮನೆಯಲ್ಲೂ ಇದೇ ಮಾತು ನಡೆದಿದೆಯೆಂದು ಕೇಳಿದ್ದೇನೆ, ಅಲ್ಲಿ ಒಪ್ಪದವರು ಹುಡುಗಿಯ ಸೋದರಮಾವ. ಬರುವ ಭಾನುವಾರ ನಾವು ಅವರ ಮನೆಗೆ ಹೋಗುತ್ತಿದ್ದೇವೆ. ಅಂದು ಅಮಾವಾಸ್ಯೆ. ದಿನ ಬದಲಿಸೋಣವೇ ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನನ್ನ ಶ್ರೀಮತಿ ಬರಲು ಒಪ್ಪಿದ್ದಾರೆ. ಮೊಮ್ಮಗಳೂ ಬರುತ್ತಾಳೆ, ನೋಟ್‌ಬುಕ್ಕನ್ನು ಮಾತ್ರ ಮನೆಯಲ್ಲಿಟ್ಟು ಬರಬೇಕೆಂದು ಅವಳ ಅಜ್ಜಿ ಷರತ್ತು ಹಾಕಿದ್ದಾರೆ.